ಬಂಗುಡೆಗೆ ನನ್ನ ಅಂಗೈಯೇ ಅಳತೆ

ಮೂರು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ‘ಸಾವಯವ’ ಎಂದು ಚೀಟಿ ಅಂಟಿಸಿದ್ದ ಕುಚ್ಚಲಕ್ಕಿಯನ್ನು ಕಿಲೋಗೆ 25 ರೂಪಾಯಿ ಹೆಚ್ಚು ಕೊಟ್ಟು ತಂದೆ. ಮರುವಾರ ಹೋದಾಗ ಅಲ್ಲಿನ ಹುಡುಗ ಅದೇ ಡಬ್ಬಕ್ಕೆ ಒಳಗಿನ ಗೋಣಿಯಿಂದ ಅಕ್ಕಿ ಸುರಿಯುತ್ತಿದ್ದ. ಗೋಣಿಯ ಮೇಲೆ ಇದ್ದದ್ದು ಮಾಮೂಲಿ ಮಿಲ್ಲಿನ ಹೆಸರು. ಜಗಳವಾಡುವ ಧೈರ್ಯ ಬರಲಿಲ್ಲ, ಸುಮ್ಮನೆ ಮನೆಗೆ ಬಂದೆ. ಕಿಲೋಗೆ 25 ರೂಪಾಯಿ ನಮ್ಮಂಥವರಿಗೆ ಚಿಕ್ಕ ಮಾತಲ್ಲ. ಉಡುಪಿಯ ನಮ್ಮ ಬಾಡಿಗೆ ಮನೆಯಲ್ಲಿ ಐದು ಜನ. ಅಡುಗೆಮನೆಗೆ ತಿಂಗಳಿಗೆ ತೆಗೆದಿಡುವುದು 11,000 ರೂಪಾಯಿ. ಗ್ಯಾಸ್, ಹಾಲು, ಮೀನು ಎಲ್ಲವೂ ಅದರಲ್ಲೇ ಮುಗಿಯಬೇಕು.

ಆದರೂ ತಿನ್ನುವುದು ಎಲ್ಲಿಂದ, ಯಾರ ಕೈಯಿಂದ ಬರುತ್ತದೆ ಎಂದು ನೋಡಿಯೇ ತರುವ ಹಟ ಬಿಡಲಿಲ್ಲ. ಭತ್ತ ಬೆಳೆದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ನನ್ನ ತಂದೆ ಗದ್ದೆಯನ್ನು ಹಡಿಲು ಬಿಟ್ಟವರು. ಬೆಳೆದವರ ಕೈಗೆ ಸೇರಬೇಕಾದದ್ದು ಸೇರಲಿ ಎಂಬುದು ನನ್ನ ಆಸೆ, ಚೀಟಿ ಅಂಟಿಸಿದವರ ಕೈಗೆ ಅಲ್ಲ.

ಈಗ ಪೊಟ್ಟಣದ ಸಾಮಾನಾದರೆ ಸಾವಯವ ಆಹಾರಕ್ಕಿರುವ ಸರ್ಕಾರಿ ಗುರುತು ನೋಡುತ್ತೇನೆ. 2017ರ ನಿಯಮದ ಪ್ರಕಾರ ಸಾವಯವ ಎಂದು ಮಾರುವ ಪೊಟ್ಟಣಕ್ಕೆ ಪ್ರಮಾಣಪತ್ರ ಬೇಕು. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ಅದರಿಂದ ವಿನಾಯಿತಿಯಿದೆ. ಆದರೆ ಅಕ್ಕಿಯನ್ನು ಪೊಟ್ಟಣದಲ್ಲಿ ತರುವುದನ್ನೇ ಬಿಟ್ಟಿದ್ದೇನೆ. ಉಡುಪಿ ಹತ್ತಿರದ ಹಿರಿಯಡ್ಕದ ಕಡೆಯ ರೈತರೊಬ್ಬರು ಕೊಯ್ಲು ಮುಗಿದ ಮೇಲೆ ಭತ್ತ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ ಕೊಡುತ್ತಾರೆ. ಕಳೆನಾಶಕ ಹೊಡೆಯುವುದಿಲ್ಲ, ಯೂರಿಯಾ ಮಾತ್ರ ಒಂದು ಸಲ ಹಾಕುತ್ತೇನೆ ಎಂದು ಅವರೇ ಹೇಳಿದರು. ನನಗೆ ಅಷ್ಟು ಸಾಕು. ಮಿಲ್ಲಿನ ಅಕ್ಕಿಗಿಂತ ಕಿಲೋಗೆ ಆರು ರೂಪಾಯಿ ಜಾಸ್ತಿ, ಒಂದು ಕ್ವಿಂಟಲಿಗೆ 6,200 ರೂಪಾಯಿ. ಅದು ನಮಗೆ ನಾಲ್ಕು ತಿಂಗಳಿಗೆ ಬರುತ್ತದೆ, ಉಳಿದ ದಿನಗಳಿಗೆ ಅಂಗಡಿಯ ಅಕ್ಕಿಯೇ. ರೇಷನ್ನಿನ ಬೆಳ್ತಿಗೆ ಅಕ್ಕಿ ದೋಸೆಗೂ ಕಡುಬಿಗೂ ಆಗುತ್ತದೆ. ಕಷ್ಟವಿರುವುದು ಆರು ರೂಪಾಯಿಯಲ್ಲಿ ಅಲ್ಲ, 6,200ನ್ನು ಒಮ್ಮೆಗೇ ಎಣಿಸಿ ಕೊಡುವುದರಲ್ಲಿ. ಆ ಹಣ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಮೀನಿನ ವಿಷಯಕ್ಕೆ ಬರಬೇಕು.

ಮೀನು ತರುವವರು ಒಬ್ಬ ಅಕ್ಕ. ಮಲ್ಪೆ ಬಂದರಿನ ಏಲಂನಲ್ಲಿ ಹಿಡಿದು ರಿಕ್ಷಾದಲ್ಲಿ ಬುಟ್ಟಿ ತಂದು ನಮ್ಮ ಓಣಿಯ ತುದಿಯಲ್ಲಿ ಕೂರುತ್ತಾರೆ. ದೊಡ್ಡ ಬಂಗುಡೆ ನೂರಕ್ಕೆ ಐದಾದರೆ ಚಿಕ್ಕದು ನೂರಕ್ಕೆ ಹದಿನೈದು. ಹಣ ಕಡಿಮೆಯಿರುವ ದಿನ ಕೈ ತಾನಾಗಿ ಚಿಕ್ಕದರತ್ತ ಹೋಗುತ್ತದೆ. ಬಂಗುಡೆ ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಸುಮಾರು 18 ಸೆಂಟಿಮೀಟರ್ ಉದ್ದವಾಗಿರುತ್ತದೆ. ಮಗಳ ಸ್ಕೇಲಿನಲ್ಲಿ ಅಳೆದು ನೋಡಿದೆ: ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ನನ್ನ ಕೈ ಹೆಚ್ಚುಕಡಿಮೆ ಅಷ್ಟೇ ಇದೆ. ಅಂದಿನಿಂದ ಕೈಗಿಂತ ಚಿಕ್ಕ ಬಂಗುಡೆಯನ್ನು ಮುಟ್ಟುವುದಿಲ್ಲ. ‘ನೀನು ಬಿಟ್ಟರೆ ಅದು ಮೀನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ, ಅಷ್ಟೇ’ ಎಂದು ನನ್ನ ಗಂಡ ಹೇಳುತ್ತಾರೆ. ಸುಳ್ಳಲ್ಲ. ನನ್ನಲ್ಲಿ ಅದಕ್ಕೆ ಉತ್ತರವಿಲ್ಲ, ಆದರೂ ಮುಟ್ಟುವುದಿಲ್ಲ.

ಚೌಕಾಸಿಯನ್ನೂ ನಿಲ್ಲಿಸಿದೆ. ಅದಕ್ಕೊಂದು ನಾಚಿಕೆಯ ಕಥೆಯಿದೆ. ಒಂದು ದಿನ ಹತ್ತು ರೂಪಾಯಿಗಾಗಿ ಆ ಅಕ್ಕನನ್ನು ಹಿಂಡಿ ಗೆದ್ದು ಬಂದು, ದಾರಿಯಲ್ಲೇ ಮಕ್ಕಳಿಗೆಂದು ಎರಡು ಚಿಪ್ಸ್ ಪೊಟ್ಟಣ ಕೊಂಡೆ, ಕೇಳಿದ ಬೆಲೆ ಕೊಟ್ಟು, ತುಟಿ ಪಿಟಕ್ಕೆನ್ನದೆ. ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದು ಇಡೀ ತಿಂಗಳ ಪೊಟ್ಟಣಗಳನ್ನು ಕೂಡಿಸಿದೆ. ಬಿಸ್ಕೆಟು, ನೂಡಲ್ಸ್, ಕುರುಕಲು, ಮಸಾಲೆ ಪುಡಿ ಎಲ್ಲ ಸೇರಿ 1,340 ರೂಪಾಯಿ. ಈಗ ಅದು 500ರ ಒಳಗಿದೆ. ಮಕ್ಕಳ ಮುನಿಸು ಮಾತ್ರ ಇನ್ನೂ ಹೋಗಿಲ್ಲ.

ದೊಡ್ಡ ಉಳಿತಾಯವಾದದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದದ್ದು ಕೆಲವರಿಗಷ್ಟೇ ಸಿಗುತ್ತದೆ, ಉಳಿದದ್ದು ದೂರದಿಂದ ಮಂಜುಗಡ್ಡೆಯಲ್ಲಿ ಬಂದ ದುಬಾರಿ ಮೀನು. ಮೊದಲು ನಾವು ಅದನ್ನೂ ತರುತ್ತಿದ್ದೆವು. ‘ಮಳೆಗಾಲದ ಆಟಿ ತಿಂಗಳಲ್ಲಿ ಹಸಿಮೀನು ತಿಂದವರನ್ನು ನಾನು ಕಂಡಿರಲಿಲ್ಲ’ ಎಂದು ಅತ್ತೆ ಒಂದು ಸಲ ಗೊಣಗಿದರು. ಹಾಗಾದರೆ ನೀವೇ ನಡೆಸಿಕೊಡಿ ಎಂದು ಅಡುಗೆಮನೆಯನ್ನು ಅವರಿಗೆ ಬಿಟ್ಟೆ. ಮೇ ತಿಂಗಳಲ್ಲೇ ಒಣಸಿಗಡಿ, ಒಣ ನಂಗ್ ಮೀನು ತರಿಸಿದರು. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬಿದರು, ಬೀಜಕ್ಕೆ ಮಣ್ಣು ಮೆತ್ತಿ ಇಟ್ಟರು. ಮಳೆ ಹಿಡಿದ ಮೇಲೆ ಕೆಸುವಿನ ಪತ್ರೊಡೆ, ಬೇಲಿಬದಿಯ ಚಗಟೆ ಸೊಪ್ಪು, ಹುರುಳಿ ಸಾರು. ತಿಂಗಳಿಗೆ 2,400 ರೂಪಾಯಿಯಿದ್ದ ಮೀನಿನ ಖರ್ಚು ಆ ಎರಡು ತಿಂಗಳು 900ಕ್ಕೆ ಇಳಿಯಿತು. ಉಳಿದ 3,000ಕ್ಕೆ ಸಂಘದಲ್ಲಿ ಕಟ್ಟಿದ್ದ 3,200 ಸೇರಿಸಿದೆ. ಹಿರಿಯಡ್ಕದ ಅಕ್ಕಿಗೆ ಹೋದದ್ದು ಆ ಹಣ.

ಸೋತದ್ದೂ ಇದೆ. ಊರಕೋಳಿ ಮೊಟ್ಟೆಯೇ ತರಬೇಕೆಂದು ಹೊರಟೆ; ಬೆಲೆ ಹೆಚ್ಚುಕಡಿಮೆ ಇಮ್ಮಡಿ. ಬೆಳೆಯುವ ಮಕ್ಕಳ ಮೊಟ್ಟೆಯನ್ನು ಅರ್ಧಕ್ಕೆ ಇಳಿಸಲು ಮನಸ್ಸು ಬರಲಿಲ್ಲ, ಫಾರ್ಮಿನದಕ್ಕೇ ಮರಳಿದೆ. ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಆ ಊರಿನ ಬೆಳೆಗಷ್ಟೇ ಆ ಹೆಸರು ಎಂಬ ಮಾನ್ಯತೆ, ಸಿಕ್ಕಿದ ಮೇಲೂ ಬೇರೆ ದುಂಡು ಬದನೆಯನ್ನು ಅದೇ ಹೆಸರಿನಲ್ಲಿ ಮಾರುವವರಿದ್ದಾರೆ. ಅಸಲಿಯನ್ನು ವಾರವಾರ ತರಲು ನಮಗೆ ಆಗುವುದಿಲ್ಲ. ತಿಂಗಳಿಗೊಮ್ಮೆ ತರುತ್ತೇನೆ, ಬೋಳು ಹುಳಿ ಮಾಡುತ್ತೇವೆ. ಉಳಿದ ದಿನ ಆದಿಉಡುಪಿಯ ಸಂತೆಯ ಹರಿವೆ, ಅಲಸಂದೆ, ಬಸಳೆ. ಚಹಾಪುಡಿ, ಸಕ್ಕರೆ ಯಾರ ಬೆವರಿನದೋ ಎಂದು ವಿಚಾರಿಸಲು ಹೋಗಿಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನೇ ಎತ್ತಿಕೊಳ್ಳುತ್ತೇನೆ.