ಕಬ್ಬಿನ ಸೀಸನ್ನಿನಲ್ಲಿ ಶಾಲೆಗೆ ನಡೆದು ಬರುವ ಮಕ್ಕಳು: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ತೋಟದ ವಸ್ತಿಗಳಿಂದ, ಅಂದರೆ ಊರ ಹೊರಗೆ ಹೊಲಗಳಲ್ಲೇ ಇರುವ ಮನೆಗಳಿಂದ ಬರುವವರು. ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಐದನೇ ತರಗತಿವರೆಗೆ 1 ಕಿಲೋಮೀಟರ್, ಆರರಿಂದ ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಸಿಗಬೇಕು. ಲೆಕ್ಕದಲ್ಲಿ ನಮ್ಮದು ಸರಿಯಾಗಿಯೇ ಇದೆ. ಆದರೆ ಸಕ್ಕರೆ ಕಾರ್ಖಾನೆ ಶುರುವಾಗಿ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡತೊಡಗಿದ ಮೇಲೆ, ಏಳು ವರ್ಷದ ಮಗುವಿಗೆ ಆ ಒಂದು ಕಿಲೋಮೀಟರ್ ಬಹಳ ಉದ್ದ.

ಸೀಸನ್ ಬಂತೆಂದರೆ ಹಾಜರಿ ಇಳಿಯುತ್ತಿತ್ತು. ಅಪ್ಪ ಬೈಕ್ ಮೇಲೆ ಬಿಟ್ಟು ಹೋಗಬೇಕು. ಅಪ್ಪ ಕಬ್ಬು ಕಳಿಸುವ ಗಡಿಬಿಡಿಯಲ್ಲಿದ್ದರೆ ಆ ದಿನ ಮಗು ಮನೆಯಲ್ಲೇ. ನಡೆದು ಕಳಿಸಿ ಅಂದರೆ ಒಂದೇ ಉತ್ತರ: "ಅಕ್ಕೋರ, ರಸ್ತೆ ಭಾಳ ಕೆಟ್ಟೈತ್ರಿ. ಕೂಸನ್ನ ಒಂದನ್ನ ಹೆಂಗ ಬಿಡೂದ್ರಿ?"

ಆ ಮಾತನ್ನು ನಾನು ಸುಮ್ನೆ ತಳ್ಳಿಹಾಕಲಿಲ್ಲ. ಭಯಪಡಲು ಅವರಿಗೆ ಕಾರಣವಿತ್ತು. ಹೀಗಾಗಿ ಧೈರ್ಯ ಹೇಳುವ ಬದಲು, ದಾರಿಯಲ್ಲಿ ಯಾವ ಜಾಗಕ್ಕೆ ಹೆದರುತ್ತೀರಿ ಎಂದು ಕೇಳಿದೆ. ಪಾಲಕರ ಸಭೆಯಲ್ಲಿ ದೊಡ್ಡವರನ್ನು ಕೇಳಿದೆ. ಮಕ್ಕಳಿಗೆ ಬೇರೆಯಾಗಿ ಹಾಳೆ ಕೊಟ್ಟು, ಮನೆಯಿಂದ ಶಾಲೆಯವರೆಗಿನ ದಾರಿ ಬಿಡಿಸಿ ಹೆದರಿಕೆ ಇರುವಲ್ಲಿ ಕೆಂಪು ಗುರುತು ಹಾಕಲು ಹೇಳಿದೆ.

ದೊಡ್ಡವರು ಹೇಳಿದ್ದು ಮೂರು: ಟ್ರ್ಯಾಕ್ಟರ್, ಕೆನಾಲ್, ಮತ್ತು ಹೆಣ್ಣುಮಕ್ಕಳಿದ್ದರೆ ಎರಡೂ ಕಡೆ ಎತ್ತರಕ್ಕೆ ಬೆಳೆದ ಕಬ್ಬು. ಮಕ್ಕಳ ಹಾಳೆಯಲ್ಲಿದ್ದದ್ದು ನಾಯಿಗಳು. ಸಣ್ಣವರಿಗೆ ಇನ್ನೊಂದು ಹೆದರಿಕೆ, ದೊಡ್ಡ ಹುಡುಗರು ತಮ್ಮನ್ನು ಬಿಟ್ಟು ಓಡಿಹೋಗುತ್ತಾರೆ ಅಂತ. ಟ್ರ್ಯಾಕ್ಟರ್‌ಗೆ ಒಬ್ಬರೂ ಕೆಂಪು ಹಾಕಿರಲಿಲ್ಲ. ಯಾಕೆ ಅಂತ ನಮ್ಮ ಕಡೆಯವರಿಗೆ ಗೊತ್ತು. ನಿಧಾನ ಹೋಗುವ ಟ್ರೇಲರ್ ಹಿಂದೆ ಓಡಿ ಕಬ್ಬು ಎಳೆಯುವುದು ಮಕ್ಕಳಿಗೆ ಆಟ. ಅಪ್ಪ-ಅಮ್ಮ ಹೆದರುವ ಜಾಗದಲ್ಲಿ ಮಗುವಿಗೆ ಹೆದರಿಕೆಯೇ ಇಲ್ಲ. ಮಗು ಹೆದರುವುದು ದೊಡ್ಡವರಿಗೆ ಗೊತ್ತೇ ಇಲ್ಲ. ಎರಡಕ್ಕೂ ಒಂದೇ ಔಷಧ ಹತ್ತುವುದಿಲ್ಲ.

ಮೊದಲು ಟ್ರ್ಯಾಕ್ಟರ್ ವಿಷಯ ಹಿಡಿದೆ. ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ ಅಷ್ಟೆ. ಒಬ್ಬ ಪಾಲಕರು ಶನಿವಾರ ತಮ್ಮ ಟ್ರ್ಯಾಕ್ಟರನ್ನು ಎರಡು ಖಾಲಿ ಟ್ರೇಲರ್ ಸಮೇತ ಶಾಲೆ ಪಕ್ಕದ ಬಯಲಿಗೆ ತಂದರು. ಮಕ್ಕಳನ್ನು ಕಟ್ಟೆ ಮೇಲೆ ದೂರ ಕೂರಿಸಿ, ತಿರುವಿನ ಒಳಮಗ್ಗುಲಲ್ಲಿ ಮಕ್ಕಳು ನಿಲ್ಲುವಂತಹ ಕಡೆ ಖಾಲಿ ಮಣ್ಣಿನ ಮಡಕೆಗಳನ್ನು ಇಟ್ಟೆವು. ಗಾಡಿ ನಿಧಾನ ತಿರುಗಿತು. ಇಂಜಿನ್ ಮಡಕೆ ಮುಟ್ಟದೆ ದಾಟಿತು. ಮೊದಲ ಟ್ರೇಲರ್ ಇನ್ನೂ ಹತ್ತಿರ ಬಂತು. ಹಿಂದಿನ ಟ್ರೇಲರ್‌ನ ಗಾಲಿ ಮಡಕೆಗಳನ್ನು ಪುಡಿ ಮಾಡಿತು. ಮಕ್ಕಳು ಒಂದು ಕ್ಷಣ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಹೋಗುವುದಿಲ್ಲ, ಒಳಗೆ ಕೊರೆದುಕೊಂಡು ಬರುತ್ತದೆ. ಡ್ರೈವರ್‌ಗೆ ಅಲ್ಲಿ ನಿಂತವರು ಕಾಣುವುದೂ ಇಲ್ಲ. ಅವನು ಹಾಡು ಜೋರಾಗಿ ಹಾಕಿಕೊಂಡಿದ್ದರೆ ಕೂಗಿದ್ದೂ ಕೇಳಿಸುವುದಿಲ್ಲ. ಇದನ್ನೆಲ್ಲ ಆ ಪಾಲಕರೇ ಸೀಟಿನ ಮೇಲೆ ಕೂತು ತೋರಿಸಿದರು. ಅಂದಿನಿಂದ ಕಬ್ಬು ಎಳೆಯುವುದು ಪೂರ್ತಿ ನಿಂತಿತು ಅನ್ನಲಾರೆ, ಆದರೆ ಎಳೆಯಲು ಹೋದವನನ್ನು ಉಳಿದವರೇ ಅಂಗಿ ಹಿಡಿದು ಜಗ್ಗುತ್ತಾರೆ.

ಆಮೇಲೆ ದಾರಿ ನಡೆದೆವು. ವಸ್ತಿಯಿಂದ ವಸ್ತಿಗೆ ತಾಯಂದಿರು, ಮಕ್ಕಳು, ನಾನು. ಒಂದು ಕರಾರು ಹಾಕಿದ್ದೆ: ಮಗು ಮುಂದೆ, ತಾಯಿ ಹಿಂದೆ. ಎಲ್ಲಿ ನಿಲ್ಲಬೇಕು, ಯಾವಾಗ ದಾಟಬೇಕು ಅಂತ ಮಗುವೇ ಹೇಳಬೇಕು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಗೆ ಸಾಲಾಗಿ ನಡೆದರೆ ಹತ್ತಿರದ ಗಾಡಿ ಎದುರಿಗೇ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಇದನ್ನು ಮಕ್ಕಳು ತಾಯಂದಿರಿಗೆ ಕಲಿಸಿದರು. ಕೆನಾಲ್ ಹತ್ತಿರ ಒಬ್ಬ ಹುಡುಗಿ ತಾನೇ ನಿಂತು, ತಮ್ಮನನ್ನು ನೀರಿನ ಕಡೆಯಿಂದ ಈಚೆ ಬದಿಗೆ ಕರೆದುಕೊಂಡಳು. ಅದನ್ನು ನೋಡಿದ ಅವರಮ್ಮನ ಮುಖ ನೋಡಬೇಕಿತ್ತು. ನಾನು ಎಷ್ಟು ಭಾಷಣ ಮಾಡಿದ್ದರೂ ಆ ನಂಬಿಕೆ ಬರುತ್ತಿರಲಿಲ್ಲ. ಮಗು ಏನು ಮಾಡಬಲ್ಲದು ಅನ್ನುವುದನ್ನು ತಾಯಿ ಕಣ್ಣಾರೆ ನೋಡಬೇಕು. ನನಗೆ ಈ ಇಡೀ ಕೆಲಸದಲ್ಲಿ ತಿಳಿದ ದೊಡ್ಡ ವಿಷಯ ಇದೇ.

ನಾಯಿಗಳದ್ದು ಸುಲಭವಾಗಿ ಬಗೆಹರಿಯಿತು. ನಮ್ಮದು ಮುಧೋಳ ಬೇಟೆ ನಾಯಿಯ ಸೀಮೆ. ಅವು ಕಣ್ಣಿಂದ ನೋಡಿ ಬೆನ್ನಟ್ಟುವ ನಾಯಿಗಳು, ಓಡುವುದನ್ನು ಕಂಡರೆ ಓಡುತ್ತವೆ. ಓಡಬೇಡಿ, ಕೈ ಬೀಸಬೇಡಿ, ನಿಧಾನ ದಾಟಿ ಎಂದು ಕಲಿಸಿದೆವು. ಬೆಳಿಗ್ಗೆ ಶಾಲೆ ಹೊತ್ತಿಗೆ ನಾಯಿ ಕಟ್ಟಿಹಾಕಲು ವಸ್ತಿಯವರು ಒಪ್ಪಿದರು. ಕಚ್ಚಿದರೆ ಮುಚ್ಚಿಡದೆ ಹೇಳಬೇಕು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಬೇಕು ಎಂಬುದನ್ನೂ ಸೇರಿಸಿದೆವು.

ಈಗ ಪ್ರತಿ ವಸ್ತಿಯಿಂದ ಒಂದು ಗುಂಪು ಬರುತ್ತದೆ. ಏಳನೇ ತರಗತಿಯವರೊಬ್ಬರು ಮುಂದೆ, ಇನ್ನೊಬ್ಬರು ಕೊನೆಗೆ, ಸಣ್ಣವರು ನಡುವೆ. ನಡಿಗೆಯ ವೇಗ ಗುಂಪಿನ ಅತಿ ಸಣ್ಣ ಮಗುವಿನದು. ಬಿಟ್ಟು ಓಡುತ್ತಾರೆ ಅನ್ನುವ ಹೆದರಿಕೆ ಹೋಗಿದ್ದು ಈ ಒಂದು ನಿಯಮದಿಂದ. ಮೊದಮೊದಲು ದೊಡ್ಡವರೊಬ್ಬರು ಶಾಲೆವರೆಗೂ ಬಂದರು, ನಂತರ ಕೆನಾಲ್ ದಾಟಿಸಿ ನಿಂತರು, ಆಮೇಲೆ ವಸ್ತಿ ತುದಿಯಿಂದಲೇ ನೋಡತೊಡಗಿದರು. ಗುಂಪು ಮುಟ್ಟಿದ ಕೂಡಲೇ ಶಾಲೆಯಿಂದ ವಾಟ್ಸಾಪ್‌ನಲ್ಲಿ ಒಂದು ಸಾಲು ಹೋಗುತ್ತದೆ. ಇದನ್ನು ಒಂದು ದಿನವೂ ತಪ್ಪಿಸಬಾರದು.

ಹೆಣ್ಣುಮಕ್ಕಳ ತಂದೆ-ತಾಯಿಯ ಭಯ ಇಷ್ಟಕ್ಕೆ ಕರಗಲಿಲ್ಲ. ಕಬ್ಬು ಕಟಾವಿಗೆ ಬರುವ ತನಕ ಆ ದಾರಿಯಲ್ಲಿ ಹತ್ತು ಹೆಜ್ಜೆ ಆಚೆ ಏನಿದೆ ಕಾಣುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹೊಲದವರ ಜೊತೆ ಮಾತಾಡಿ ದಾರಿ ಬದಿಯ ಹುಲ್ಲು, ಗಿಡಗಂಟಿ ಕಡಿಸಿದರು. ದಾರಿ ಅಗಲವಾಗಿ ಕಂಡಿತು. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112 ಎಲ್ಲರಿಗೂ ಬಾಯಿಪಾಠ. ಯಾರಾದರೂ ಕಾಡಿದರೆ ಮನೆಯಲ್ಲಿ ಹೇಳಲು ಹುಡುಗಿಯರು ಹಿಂಜರಿಯುತ್ತಾರೆ, ಹೇಳಿದರೆ ಶಾಲೆಯೇ ಬಿಡಿಸುತ್ತಾರೆ ಅಂತ. ಅದಕ್ಕೆ ಪಾಲಕರಿಂದ ಸಭೆಯಲ್ಲೇ ಮಾತು ತೆಗೆದುಕೊಂಡೆ: ಮಗಳು ಹೇಳಿದರೆ ಶಾಲೆ ಬಿಡಿಸುವುದಿಲ್ಲ, ಕಾಡಿದವನನ್ನು ಕೇಳುತ್ತೇವೆ. ಇಬ್ಬರು ತಂದೆಯರು ಇವತ್ತಿಗೂ ಮಗಳನ್ನು ಬೈಕ್ ಮೇಲೆಯೇ ಬಿಡುತ್ತಾರೆ. ನಾನು ಒತ್ತಾಯ ಮಾಡಿಲ್ಲ.

ದೊಡ್ಡ ರಸ್ತೆ ದಾಟುವಲ್ಲಿ ಮಾತ್ರ ಮಕ್ಕಳನ್ನೇ ಬಿಡುವುದಿಲ್ಲ. ಎಂಟು-ಒಂಬತ್ತು ವರ್ಷದ ಮಗುವಿಗೆ ಬರುವ ಗಾಡಿಯ ವೇಗ ಅಂದಾಜು ಮಾಡಲು ಬರುವುದಿಲ್ಲ, ಎಷ್ಟೇ ಜಾಣ ಮಗುವಿರಲಿ. ಅಲ್ಲಿ ಬೆಳಿಗ್ಗೆ, ಸಂಜೆ ದೊಡ್ಡವರೊಬ್ಬರು ಇರಲೇಬೇಕು. ಪಾಲಕರು ಪಾಳಿ ಹಾಕಿಕೊಂಡಿದ್ದಾರೆ. ಹಂಪ್ ಹಾಕಿಸಿ ಎಂದು ಅರ್ಜಿ ಕೊಟ್ಟಿದ್ದೇವೆ, ಇನ್ನೂ ಆಗಿಲ್ಲ. ಕಬ್ಬಿನ ಹೊಲಗಳಿಗೆ ಬಂದುಹೋಗುವ ಕಾರ್ಖಾನೆಯ ಫೀಲ್ಡ್‌ಮನ್ ಮೂಲಕ ಡ್ರೈವರ್‌ಗಳಿಗೆ ಶಾಲೆ ಹೊತ್ತಿನಲ್ಲಿ ಆ ಜಾಗದಲ್ಲಿ ಹಾಡು ನಿಲ್ಲಿಸಲು ಹೇಳಿಸಿದ್ದೇವೆ. ಬಹಳಷ್ಟು ಜನ ಕೇಳುತ್ತಾರೆ.

ಬೇರೆ ಶಾಲೆಯವರು ಇದನ್ನು ಮಾಡುವುದಾದರೆ ಜೂನ್‌ನಲ್ಲೇ ಶುರು ಮಾಡಿ. ಆಗ ಕಬ್ಬು ಇನ್ನೂ ಗಿಡ್ಡ, ಟ್ರ್ಯಾಕ್ಟರ್ ಕಾಟ ಇಲ್ಲ, ಒಂದನೇ ತರಗತಿಯ ಹೊಸ ಮಕ್ಕಳೂ ಬಂದಿರುತ್ತಾರೆ. ಸೀಸನ್ ಶುರುವಾಗುವ ಹೊತ್ತಿಗೆ ದಾರಿ ಅವರ ಕಾಲಿಗೆ ರೂಢಿಯಾಗಿರುತ್ತದೆ.