ಅತ್ತೆಗೆ ಜಾಗ ಹುಡುಕಿದ ಲೆಕ್ಕ

ವೃದ್ಧರನ್ನು ನೋಡಿಕೊಳ್ಳುವ ವಸತಿಗೃಹದ ಕರಾರುಪತ್ರವನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದಬೇಕು ಅನ್ನುವುದು ನನಗೆ ಹೊಳೆದದ್ದು ಎರಡನೆಯ ಸಲ. ಮೊದಲ ಸಲ ಎಲ್ಲರಂತೆ ಮೊದಲ ಪುಟದಿಂದ ಶುರುಮಾಡಿದ್ದೆ. ಕೋಣೆಯ ಅಳತೆ, ಊಟದ ಸಮಯ, ವಾರಕ್ಕೆರಡು ಸಲ ಹಾಸಿಗೆ ಬಟ್ಟೆ ಬದಲಿಸುವುದು ಎಲ್ಲ ಓದಿ ಖುಷಿಪಟ್ಟು, 17ನೇ ಷರತ್ತಿಗೆ ಬರುವಷ್ಟರಲ್ಲಿ ಕಣ್ಣು ದಣಿದಿತ್ತು. ಹದಿನಾಲ್ಕು ತಿಂಗಳಾದ ಮೇಲೆ ಆ 17ನೇ ಷರತ್ತೇ ಅತ್ತೆಯ ಗಂಟುಮೂಟೆ ಕಟ್ಟಿಸಿತು.

ಅತ್ತೆ ನನ್ನ ತಂದೆಯ ಅಕ್ಕ. ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ 78 ಆದ ವರ್ಷ, ಕರೆಂಟ್ ಬಿಲ್ಲನ್ನು ಒಂದೇ ತಿಂಗಳಲ್ಲಿ ಮೂರು ಸಲ ಕಟ್ಟಿದ್ದು ನನ್ನ ಕಣ್ಣಿಗೆ ಬಿತ್ತು. ಮಾತ್ರೆ ಡಬ್ಬಿ ತೆರೆದರೆ ಸೋಮವಾರದ್ದೂ ಇಲ್ಲ, ಮಂಗಳವಾರದ್ದೂ ಇಲ್ಲ. ಆ ದಿನ ಸೋಮವಾರ.

"ಇನ್ನು ಒಬ್ಬರೇ ಇರೋದು ಬೇಡ" ಅಂತ ನನ್ನ ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು. ನನಗೆ ಅಷ್ಟು ಬೇಗ ಒಪ್ಪಲಾಗಲಿಲ್ಲ. ಅತ್ತೆಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲವಲ್ಲ. ವೃದ್ಧರ ಆರೈಕೆಯಲ್ಲಿ ಎರಡು ಹಳೆಯ ಪಟ್ಟಿಗಳಿವೆ, ಇವತ್ತಿಗೂ ವೈದ್ಯರು ಬಳಸುತ್ತಾರೆ. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಮಾಡಿದ್ದರಲ್ಲಿ ಆರು ಕೆಲಸಗಳು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತಾನೇ ಉಣ್ಣುವುದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಮಾಡಿದ್ದರಲ್ಲಿ ಎಂಟು: ಫೋನು, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣಕಾಸು. ಸಾಮಾನ್ಯವಾಗಿ ಎರಡನೇ ಪಟ್ಟಿಯವು ಮೊದಲು ಕೈಬಿಡುತ್ತವೆ, ಮೊದಲನೆಯವು ಆಮೇಲೆ.

ರಜೆ ಹಾಕಿ ಎರಡು ವಾರ ಅತ್ತೆಯ ಮನೆಯಲ್ಲಿದ್ದು, ನೋಟ್‌ಬುಕ್ಕಿನಲ್ಲಿ ಈ ಹದಿನಾಲ್ಕನ್ನೂ ಬರೆದು ದಿನಾ ಗುರುತು ಹಾಕಿದೆ. ಕೇಳಿ ಬರೆದದ್ದಲ್ಲ, ನೋಡಿ ಬರೆದದ್ದು; ಕೇಳಿದರೆ ಅತ್ತೆ ಎಲ್ಲಕ್ಕೂ "ಮಾಡ್ಕೋತೀನಿ ಕಣೋ" ಅನ್ನುತ್ತಿದ್ದರು. ಎಂಟರಲ್ಲಿ ಐದು ಹೋಗಿದ್ದವು. ಆರರಲ್ಲಿ ಸ್ನಾನವೊಂದೇ ಕಷ್ಟವಾಗಿತ್ತು, ಉಳಿದದ್ದು ಚೆನ್ನಾಗಿಯೇ ಇತ್ತು. ಫಿಸಿಯೋಥೆರಪಿಸ್ಟ್ ಒಬ್ಬರು ಕುರ್ಚಿಯಿಂದ ಎಬ್ಬಿಸಿ, ಮೂರು ಮೀಟರ್ ನಡೆಸಿ, ತಿರುಗಿಸಿ, ವಾಪಸ್ ಬಂದು ಕೂರುವವರೆಗೆ ಗಡಿಯಾರ ಹಿಡಿದರು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯವಿದೆ ಅಂತ ಲೆಕ್ಕ. ಅತ್ತೆಗೆ 21 ಬೇಕಾಯಿತು.

ನಮಗೆ ಬೇಕಾದದ್ದು ಯಾವ ಬಗೆಯ ಜಾಗ ಅನ್ನುವುದು ಆಗ ಸ್ಪಷ್ಟವಾಯಿತು. ಹಾಸಿಗೆ ಹಿಡಿದವರಿಗೆ, ಮೂಗಿನ ನಳಿಕೆ ಇರುವವರಿಗೆ ಹಗಲೂ ರಾತ್ರಿ ನರ್ಸ್ ಇರುವ ನರ್ಸಿಂಗ್ ಹೋಮ್ ಬೇಕು. ಅತ್ತೆಗೆ ತನ್ನದೇ ಕೋಣೆ, ತನ್ನದೇ ಬೀಗದ ಕೈ, ಜೊತೆಗೆ ಸ್ನಾನಕ್ಕೊಂದು ಕೈ, ಮಾತ್ರೆಗೊಂದು ಕಣ್ಣು ಇದ್ದರೆ ಸಾಕಿತ್ತು. ಅಸಿಸ್ಟೆಡ್ ಲಿವಿಂಗ್ ಅನ್ನುವುದು ಇದನ್ನೇ. ಅಕ್ಕನಿಗೆ ಆ ನೋಟ್‌ಬುಕ್ಕಿನ ಫೋಟೋ ಕಳಿಸಿದ ಮೇಲೆ ನಮ್ಮ ಜಗಳ ಅರ್ಧ ಕಡಿಮೆಯಾಯಿತು.

ಐದು ಜಾಗ ನೋಡಿದೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಕಡೆಯೂ ಹೂಕುಂಡವೇ ಕಾಣುವುದು. ಆದ್ದರಿಂದ ಇಷ್ಟವಾದ ಎರಡಕ್ಕೆ ಮತ್ತೆ ಹೇಳದೆ ಹೋದೆ: ಒಂದು ಸಂಜೆ ಏಳಕ್ಕೆ, ಇನ್ನೊಂದು ಭಾನುವಾರ ಮಧ್ಯಾಹ್ನ. ಗೋಡೆ, ಬಣ್ಣ, ಟಿವಿ ನೋಡಲಿಲ್ಲ. ಅಲ್ಲಿರುವವರ ಕನ್ನಡಕ ನೋಡಿದೆ. ಗಾಜು ಒರೆಸಿದ್ದರೆ ಯಾರೋ ಒಬ್ಬರು ಅವರ ಮುಖಕ್ಕೆ ಹತ್ತಿರ ಬಂದಿದ್ದಾರೆ ಅಂತ ಅರ್ಥ. ಉಗುರು, ಕಿವಿಯ ಮೆಷಿನ್ನಿನ ಬ್ಯಾಟರಿ ಕೂಡ ಹಾಗೇ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ನೋಡಿದೆ; ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ಮೈಯೇ ಅಡ್ಡವಾಗಿ ಬಾಗಿಲು ತೆಗೆಯಲಾಗುವುದಿಲ್ಲ. ಒಂದು ಕಡೆ ಕರೆಗಂಟೆ ಒತ್ತಿ ಕೂತೆ. ಹನ್ನೊಂದು ನಿಮಿಷಕ್ಕೆ ಒಬ್ಬ ಹುಡುಗ ಬಂದು, "ಅದು ಕೆಟ್ಟಿದೆ ಸಾರ್, ಕೂಗಬೇಕು" ಅಂದ. ಆ ಪ್ರಾಮಾಣಿಕ ಹುಡುಗ ಇನ್ನೊಂದು ಜಾಗದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎಲ್ಲರಿಗೂ ಕೇಳಿದ ಮುಖ್ಯ ಪ್ರಶ್ನೆ ಒಂದೇ: ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಷ್ಟು ಜನ ಎಚ್ಚರ ಇರುತ್ತಾರೆ? ಹಗಲಿನ ಸಂಖ್ಯೆಯನ್ನು ಎಲ್ಲರೂ ಥಟ್ಟನೆ ಹೇಳುತ್ತಿದ್ದರು. ರಾತ್ರಿಯದನ್ನು ಕೇಳಿದಾಗ ಮ್ಯಾನೇಜರ್ ಮುಖ ನೋಡಬೇಕಿತ್ತು.

ಹಣದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕರಪತ್ರದಲ್ಲಿದ್ದ ತಿಂಗಳ ದರವನ್ನು 100 ಎಂದಿಟ್ಟುಕೊಳ್ಳಿ. ನಮಗೆ ಬಂದ ಮೊದಲ ಬಿಲ್ಲು 137. ಸ್ನಾನ ಮಾಡಿಸುವುದಕ್ಕೆ ಬೇರೆ, ಮಾತ್ರೆ ಕೊಡುವುದಕ್ಕೆ ಬೇರೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಅಟೆಂಡರ್‌ಗೆ ಗಂಟೆಯ ಲೆಕ್ಕ, ಬಟ್ಟೆ ಒಗೆಯುವುದು ಬೇರೆ. ಮೋಸ ಅನ್ನಲಾರೆ, ಎಲ್ಲವೂ ಬರೆದೇ ಇತ್ತು, ನಾನು ಕೂಡಿಸಿರಲಿಲ್ಲ. ಎರಡನೆಯ ಸಲ ಮಾಡಿದ್ದೇನೆಂದರೆ, ಅತ್ತೆಯಷ್ಟೇ ಆರೈಕೆ ಬೇಕಿರುವ ಒಬ್ಬರ ಕಳೆದ ತಿಂಗಳ ಬಿಲ್ಲನ್ನು, ಹೆಸರು ಮುಚ್ಚಿ ತೋರಿಸಿ ಅಂತ ಕೇಳಿದೆ. ಒಂದು ಕಡೆ ತೋರಿಸಿದರು, ಇನ್ನೊಂದು ಕಡೆ ಮಾತು ಬದಲಿಸಿದರು.

ಇನ್ನೊಂದು, ವರ್ಷವರ್ಷದ ಏರಿಕೆ. ಖರ್ಚು ವರ್ಷಕ್ಕೆ ಶೇ. 8ರಂತೆ, ಅತ್ತೆಯ ಪಿಂಚಣಿ ಮತ್ತು ಮನೆ ಬಾಡಿಗೆ ಸೇರಿ ಆದಾಯ ಶೇ. 4ರಂತೆ ಏರಿದರೆ ಏನಾಗುತ್ತದೆ? ಶುರುವಿನಲ್ಲಿ ಎರಡೂ 100 ಇದ್ದರೆ, ಹತ್ತು ವರ್ಷಕ್ಕೆ ಖರ್ಚು 216, ಆದಾಯ 148. ಹದಿನೇಳು ವರ್ಷಕ್ಕೆ 370 ಮತ್ತು 195. ಮೊದಲ ವರ್ಷ ಸರಿದೂಗಿದ ಮಾತ್ರಕ್ಕೆ ನೆಮ್ಮದಿಯಾಗಿರುವಂತಿಲ್ಲ. ಆ ಅಂತರವನ್ನು ತುಂಬುವ ಠೇವಣಿ ಇವತ್ತೇ ಬೇರೆ ಇಡಬೇಕು. ಹದಿನೇಳು ಯಾಕೆ ಅಂದರೆ, ಅತ್ತೆ 95ರವರೆಗೆ ಇರುತ್ತಾರೆ ಅಂತ ಹಾಕಿದ್ದೆ. ಬದುಕಿರುವವರ ಮುಂದೆ ಅಂಥ ಲೆಕ್ಕ ಬಿಡಿಸುವುದು ಅಕ್ಕನಿಗೆ ಸರಿಬರಲಿಲ್ಲ. ಅತ್ತೆ ಮಾತ್ರ ಕಾಗದ ತೆಗೆದುಕೊಂಡು ನೋಡಿ, "ಚಕ್ರಬಡ್ಡಿ ಸರಿಯಾಗಿ ಹಾಕಿದ್ದಾನೆ. 95 ಅಂತಲೇ ಇರಲಿ, ಮೊದಲೇ ಹೋದರೆ ನಿಮಗೆ ಉಳಿತಾಯ" ಅಂದರು.

ಮನೆ ಮಾರಬೇಕು ಅಂತ ಅಣ್ಣ ಹೇಳಿದ. ಬೇಡ, ಬಾಡಿಗೆಗೆ ಕೊಡೋಣ ಅಂದೆ. ವಾಪಸ್ ಹೋಗಲು ಮನೆಯಿದೆ ಅನ್ನುವ ಭಾವನೆಗೆ ಅತ್ತೆಯ ಮಟ್ಟಿಗೆ ಬೆಲೆ ಇತ್ತು. ಮನೆಯ ಮೇಲೆ ವೃದ್ಧರಿಗೆ ಕೊಡುವ ಅಡಮಾನ ಸಾಲವನ್ನೂ ವಿಚಾರಿಸಿದೆವು. ಅಂಥ ಬಹುತೇಕ ಸಾಲಗಳಲ್ಲಿ ಸಾಲಗಾರರು ಅದೇ ಮನೆಯಲ್ಲಿ ವಾಸವಿರಬೇಕು ಅನ್ನುವ ಷರತ್ತಿರುತ್ತದೆ, ಹಾಗಾಗಿ ಮನೆ ಬಿಟ್ಟು ಹೊರಟವರಿಗೆ ಅದು ಒದಗುವುದಿಲ್ಲ. ಆರೋಗ್ಯ ವಿಮೆಯೂ ಅಷ್ಟೇ: ಸಾಮಾನ್ಯ ಪಾಲಿಸಿ ಆಸ್ಪತ್ರೆಯ ಚಿಕಿತ್ಸೆಗೆ ಇರುವುದು, ದಿನಾ ಸ್ನಾನ ಮಾಡಿಸುವವರ ಸಂಬಳಕ್ಕಲ್ಲ. ಕೊರತೆಯನ್ನು ನಾವು ಮೂವರು ಸಮಪಾಲಾಗಿ ಹಂಚಿಕೊಳ್ಳಲಿಲ್ಲ, ಸಂಪಾದನೆಗೆ ತಕ್ಕಂತೆ ಹಾಕಿದೆವು. ಓಡಾಟ ನನ್ನದಾದ್ದರಿಂದ ನನ್ನ ಪಾಲು ಕಡಿಮೆ. ಪ್ರತಿ ತಿಂಗಳ ಬಿಲ್ಲಿನ ಫೋಟೋ ಮೂವರಿಗೂ ಹೋಗುತ್ತದೆ, ಅದರಿಂದ ಅನುಮಾನಕ್ಕೆ ಜಾಗವಿಲ್ಲ.

ಅತ್ತೆಯ ಬುದ್ಧಿ ಚುರುಕಾಗಿರುವಾಗಲೇ ವಕೀಲರ ಹತ್ತಿರ ಹೋದದ್ದು ಒಳ್ಳೆಯದಾಯಿತು. ಬಹಳ ಕಡೆ ಸಾಮಾನ್ಯ ಮುಖ್ತಿಯಾರನಾಮೆ (ನಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ), ಬರೆದುಕೊಟ್ಟವರು ಅರಿವಿನ ಶಕ್ತಿ ಕಳೆದುಕೊಂಡರೆ, ನಿಂತುಹೋಗುತ್ತದೆ. ಹೆಚ್ಚು ಬೇಕಾಗುವ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ. ಅದರಾಚೆಗೂ ನಡೆಯುವ ವ್ಯವಸ್ಥೆ ಏನಿದೆ ಅಂತ ವಕೀಲರನ್ನೇ ಕೇಳಿ ಮಾಡಿಸಿದೆವು.

ಮೊದಲ ಹದಿನೈದು ದಿನ ಬರಬೇಡಿ, ಹೊಂದಿಕೊಳ್ಳಲಿ ಅಂತ ಮ್ಯಾನೇಜರ್ ಹೇಳಿದ್ದರು. ನಾನು ಒಪ್ಪಲಿಲ್ಲ, ದಿನಾ ಬೇರೆಬೇರೆ ಹೊತ್ತಿಗೆ ಹೋದೆ. ಅತ್ತೆ ಆ ಹದಿನೈದೂ ದಿನ ನನ್ನ ಜೊತೆ ಮಾತಾಡಲಿಲ್ಲ, ಪೇಪರ್ ಓದುತ್ತಾ ಕೂತಿರುತ್ತಿದ್ದರು. ಹದಿನಾರನೆಯ ದಿನ ಪಕ್ಕದ ಕೋಣೆಯವರ ಬಗ್ಗೆ ಚಾಡಿ ಹೇಳಿದರು. ಅಲ್ಲಿಗೆ ಹೊಂದಿಕೊಂಡರು ಅಂತ ನಾನು ಲೆಕ್ಕ ಹಾಕಿದೆ.

ಹದಿನಾಲ್ಕನೆಯ ತಿಂಗಳು ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ನಾಲ್ಕನೆಯ ದಿನ, ಅತ್ತೆ ಆಸ್ಪತ್ರೆಯ ಹಾಸಿಗೆಯಲ್ಲಿ ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ, ತೀರಿಹೋದ ನನ್ನ ತಂದೆಯ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದಾಗ, ಆ ಜಾಗದ ಹೆಡ್ ನರ್ಸ್ ಬಂದು ಮರುಮೌಲ್ಯಮಾಪನ ಮಾಡಿದರು. ಸೊಂಟದ ಆಪರೇಷನ್ ಆದ ವೃದ್ಧರಿಗೆ ಇಂಥ ಗೊಂದಲ ಬಹಳ ಸಾಮಾನ್ಯ, ಹೆಚ್ಚಿನವರಿಗೆ ದಿನಗಳಲ್ಲೋ ವಾರಗಳಲ್ಲೋ ತಿಳಿಯಾಗುತ್ತಾ ಬರುತ್ತದೆ. ಆದರೆ ಫಾರಂನಲ್ಲಿ ಆ ದಿನದ ಅತ್ತೆಯೇ ಉಳಿದರು: ಎಬ್ಬಿಸಲು ಇಬ್ಬರು ಬೇಕು, ಸ್ಥಳದ ಅರಿವಿಲ್ಲ. 17ನೇ ಷರತ್ತಿನ ಪ್ರಕಾರ ಎಬ್ಬಿಸಲು ಇಬ್ಬರು ಬೇಕಾದವರನ್ನು ಅವರು ಇಟ್ಟುಕೊಳ್ಳುವುದಿಲ್ಲ, ಮೂವತ್ತು ದಿನದಲ್ಲಿ ಜಾಗ ಬಿಡಬೇಕು. ನಾನು ಕೈಕಟ್ಟಿ ಒಪ್ಪಿಕೊಂಡೆ. ಆರು ವಾರ ಕಾದು ಮತ್ತೆ ನೋಡಿ, ಅಲ್ಲಿಯವರೆಗೆ ಹೆಚ್ಚುವರಿ ಅಟೆಂಡರ್ ಖರ್ಚು ನಾವು ಕೊಡುತ್ತೇವೆ ಅಂತ ಬರೆದು ಕೇಳಬಹುದಿತ್ತು. ಹೊಳೆಯಲಿಲ್ಲ. ಆರನೆಯ ವಾರದ ಹೊತ್ತಿಗೆ ಅತ್ತೆ ಒಬ್ಬರ ಆಸರೆಯಲ್ಲಿ ವಾಕರ್ ಹಿಡಿದು ನಿಲ್ಲುತ್ತಿದ್ದರು, ಅಷ್ಟರಲ್ಲಿ ಕೋಣೆ ಖಾಲಿ ಮಾಡಿಯಾಗಿತ್ತು. ಡೆಪಾಸಿಟ್ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ಕೋಣೆಗೆ ಮುಂದಿನವರು ಬಂದು ಕಟ್ಟಿದ ಮೇಲೆ ಕೊಡುವುದು, ಇದೂ ಕೊನೆಯ ಪುಟದಲ್ಲೇ ಇತ್ತು.

ಹೀಗಾಗಿ ಎರಡನೆಯ ಜಾಗಕ್ಕೆ ಹೋದಾಗ ನಾನು ಕೋಣೆ ತೋರಿಸಿ ಅನ್ನಲಿಲ್ಲ, ಖಾಲಿ ಕರಾರುಪತ್ರದ ಪ್ರತಿ ಕೊಡಿ ಅಂದೆ. ಯಾವ ಸ್ಥಿತಿಯಲ್ಲಿ ಹೊರಗೆ ಹೋಗಬೇಕು, ಅದನ್ನು ಯಾರು ತೀರ್ಮಾನಿಸುತ್ತಾರೆ, ನಮ್ಮ ವೈದ್ಯರ ಮಾತಿಗೆ ಜಾಗ ಇದೆಯೇ, ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ದರವೇ, ತೀರಿಕೊಂಡರೆ ಎಷ್ಟು ದಿನದವರೆಗೆ ಬಾಡಿಗೆ, ಡೆಪಾಸಿಟ್ ಯಾವ ತಾರೀಖಿನೊಳಗೆ. ಎರಡು ಷರತ್ತನ್ನು ಬದಲಿಸಿ ಸಹಿ ಹಾಕಿದರು. ದರ ಹಿಂದಿನದಕ್ಕಿಂತ ಹೆಚ್ಚು, ಕೋಣೆ ಚಿಕ್ಕದು, ಕಿಟಕಿಯಿಂದ ಕಾಣುವುದು ಪಾರ್ಕಿಂಗ್. ಆದರೆ ಹಾಸಿಗೆ ಹಿಡಿದವರಿಗೂ ಅದೇ ಕಟ್ಟಡದಲ್ಲಿ ಮೇಲಿನ ಮಹಡಿ ಇದೆ. ಮೊದಲ ಸಲ ನಾನು ಆ ದಿನದ ಅತ್ತೆಗೆ ಜಾಗ ಹುಡುಕಿದ್ದೆ. ಮೂರು ವರ್ಷದ ನಂತರದ ಅತ್ತೆ ಎಲ್ಲಿ ಮಲಗುತ್ತಾರೆ ಅಂತ ಕೇಳಿಯೇ ಇರಲಿಲ್ಲ.

ಸೇರಿಸಿದ ರಾತ್ರಿ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ, ಅನುಮತಿ ಪಡೆದು. ಎರಡು ಗಂಟೆಯ ಹೊತ್ತಿಗೆ ಅತ್ತೆ ತಾವಾಗಿಯೇ ಕೈ ಚಾಚಿ ಕರೆಗಂಟೆ ಒತ್ತಿದರು. ಓಡಿಬಂದ ಸಿಸ್ಟರ್ "ಏನಾಯ್ತಮ್ಮಾ, ನೀರು ಬೇಕಾ?" ಅಂದಳು.

"ಏನೂ ಬೇಡ ತಾಯಿ, ಹೋಗು" ಅಂದು ನನ್ನ ಕಡೆ ತಿರುಗಿದರು. "ಎಷ್ಟು ನಿಮಿಷ ಆಯ್ತು, ಬರ್ಕೊಂಡ್ಯಾ?"