ಎಣಿಸಿ ಅರಿಯುವ ನಿಸರ್ಗ: ಇಕಾಲಜಿ ಅಧ್ಯಯನವನ್ನು ಆರಂಭಿಸುವ ಬಗೆ

ಒಂದು ಜೀವಿ ಇಲ್ಲಿ ಏಕೆ ಇದೆ, ಅಲ್ಲಿ ಏಕೆ ಇಲ್ಲ, ಇರುವ ಕಡೆಯಲ್ಲಿ ಇಷ್ಟೇ ಏಕೆ ಇದೆ ಎಂಬ ಪ್ರಶ್ನೆಗಳ ಸುತ್ತ ಇಕಾಲಜಿಯ ಬಹುಪಾಲು ಕೆಲಸ ನಡೆಯುತ್ತದೆ. ಜೀವಿಗಳು ಪರಸ್ಪರ ಹಾಗೂ ಮಣ್ಣು, ನೀರು, ಬೆಳಕು, ಉಷ್ಣತೆಗಳೊಡನೆ ಹೊಂದಿರುವ ಸಂಬಂಧವನ್ನು ಅಭ್ಯಸಿಸುವ ಈ ಶಾಸ್ತ್ರಕ್ಕೆ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಹೆಸರಿಟ್ಟರು. ನಿಸರ್ಗದ ಮೇಲಿನ ಪ್ರೀತಿ ಇದಕ್ಕೆ ಬೇಕು. ಆದರೆ ಅಧ್ಯಯನ ಶುರುವಾಗುವುದು ಎಣಿಸಿ ಅಥವಾ ಅಳೆದು ಉತ್ತರಿಸಬಹುದಾದ ಪ್ರಶ್ನೆಯಿಂದ. ‘ಈ ಹುಲ್ಲುಗಾವಲಿನ ಜೀವವೈವಿಧ್ಯ ಹೇಗಿದೆ?’ ಎಂದು ಕೇಳಿಕೊಂಡು ಹೊರಟರೆ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದು. ‘ಮರದ ನೆರಳು ಬೀಳುವ ಭಾಗದಲ್ಲಿ ಬಿಸಿಲಿನ ಭಾಗಕ್ಕಿಂತ ಕಡಿಮೆ ಸಸ್ಯ ಪ್ರಭೇದಗಳಿವೆಯೇ?’ ಎಂದು ಕೇಳಿಕೊಂಡರೆ ಏನನ್ನು, ಎಲ್ಲಿ, ಹೇಗೆ ಎಣಿಸಬೇಕೆಂಬುದು ಪ್ರಶ್ನೆಯಲ್ಲೇ ಅಡಗಿರುತ್ತದೆ.

ಇಡೀ ಹುಲ್ಲುಗಾವಲನ್ನು ಎಣಿಸಲಾಗದ ಕಾರಣ ಮಾದರಿಗಳನ್ನು ತೆಗೆದುಕೊಳ್ಳಬೇಕಾಗುತ್ತದೆ. ಸಸ್ಯಗಳಿಗೆ ಬಳಸುವ ಸರಳ ಸಾಧನವೆಂದರೆ ಕ್ವಾಡ್ರಾಟ್, ಅಂದರೆ ಅರ್ಧ ಮೀಟರ್ ಬದಿಯ ಒಂದು ಚೌಕಟ್ಟು. ಅದನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಅಧ್ಯಯನದ ಯೋಗ್ಯತೆ ನಿಂತಿದೆ. ಕಣ್ಣು ಸಹಜವಾಗಿಯೇ ಹೂವಿರುವ, ದಟ್ಟವಾಗಿರುವ ಜಾಗವನ್ನು ಆರಿಸುತ್ತದೆ. ಕಣ್ಣುಮುಚ್ಚಿ ಎಸೆದರೂ ಚೌಕಟ್ಟು ಮುಳ್ಳಿನ ಪೊದೆಯ ಕಡೆಗೆ ಹೋಗದಂತೆ ಕೈ ನೋಡಿಕೊಳ್ಳುತ್ತದೆ. ಆದ್ದರಿಂದ ಎರಡು ಅಳತೆ ಪಟ್ಟಿಗಳನ್ನು ಲಂಬಕೋನದಲ್ಲಿ ಹಾಸಿ, ಯಾದೃಚ್ಛಿಕ (ಯಾರೂ ಆರಿಸದೆ ಆಕಸ್ಮಿಕವಾಗಿ ಬಂದ) ಸಂಖ್ಯೆಗಳ ಜೋಡಿ ಸೂಚಿಸುವ ಬಿಂದುವಿನಲ್ಲಿಯೇ ಚೌಕಟ್ಟನ್ನು ಇಡಿ. ಅಂಚಿನ ಮೇಲೆ ಬೇರೂರಿರುವ ಗಿಡಗಳ ವಿಚಾರದಲ್ಲಿ ಮೊದಲೇ ನಿಯಮ ಮಾಡಿಕೊಳ್ಳಿ: ಮೇಲಿನ ಮತ್ತು ಎಡದ ಅಂಚಿನವು ಲೆಕ್ಕಕ್ಕೆ ಸೇರಲಿ, ಉಳಿದೆರಡು ಅಂಚಿನವು ಬೇಡ. ಒಂದೊಂದಾಗಿ ಬಿಡಿಸಲಾಗದ ಹುಲ್ಲಿಗೆ, ಅದು ಚೌಕಟ್ಟಿನ ಶೇಕಡಾ ಎಷ್ಟು ನೆಲವನ್ನು ಮುಚ್ಚಿದೆ ಎಂದು ಅಂದಾಜಿಸಿ ಬರೆದುಕೊಳ್ಳಿ. ಏನೂ ಸಿಗದ ಚೌಕಟ್ಟಿಗೆ ಸೊನ್ನೆ ಎಂದು ಬರೆಯಲೇಬೇಕು, ಏಕೆಂದರೆ ಖಾಲಿ ಬಿಟ್ಟ ಸಾಲಿಗೂ ಸೊನ್ನೆಗೂ ಅರ್ಥ ಬೇರೆ. ಹೊಸ ಚೌಕಟ್ಟು ಹೊಸ ಪ್ರಭೇದಗಳನ್ನು ಕೊಡುವುದು ಬಹುಮಟ್ಟಿಗೆ ನಿಲ್ಲುವವರೆಗೆ ಎಣಿಕೆ ಮುಂದುವರಿಯಲಿ.

ದಡದಿಂದ ನೀರಿನ ಕಡೆಗೆ, ತಗ್ಗಿನಿಂದ ದಿಬ್ಬಕ್ಕೆ ಹೀಗೆ ಪರಿಸ್ಥಿತಿ ಕ್ರಮೇಣ ಬದಲಾಗುವ ಕಡೆ ಹಗ್ಗವೊಂದನ್ನು ನೇರವಾಗಿ ಎಳೆದು, ನಿಶ್ಚಿತ ಅಂತರಗಳಲ್ಲಿ ಎಣಿಸುವ ಟ್ರಾನ್ಸೆಕ್ಟ್ ವಿಧಾನ ಹೆಚ್ಚು ಸೂಕ್ತ.

ಓಡಾಡುವ ಪ್ರಾಣಿಗಳಿಗೆ ಗುರುತು ಹಾಕಿ ಮತ್ತೆ ಹಿಡಿಯುವ ವಿಧಾನವಿದೆ. 40 ಬಸವನಹುಳುಗಳನ್ನು ಹಿಡಿದು, ಚಿಪ್ಪಿನ ಮೇಲೆ ವಿಷವಲ್ಲದ ಬಣ್ಣದ ಸಣ್ಣ ಚುಕ್ಕೆಯಿಟ್ಟು, ಸಿಕ್ಕಿದ ಜಾಗದಲ್ಲೇ ಬಿಟ್ಟಿರಿ ಎನ್ನೋಣ. ಕೆಲವು ದಿನಗಳ ನಂತರ ಹಿಡಿದ 50ರಲ್ಲಿ 10ಕ್ಕೆ ಚುಕ್ಕೆಯಿದ್ದರೆ, ಗುರುತಿರುವವು ಒಟ್ಟು ಸಂಖ್ಯೆಯ ಐದನೇ ಒಂದು ಭಾಗ; ಎಂದರೆ ಅಲ್ಲಿ ಸುಮಾರು 200 ಬಸವನಹುಳುಗಳಿವೆ. ಲೆಕ್ಕ ಸುಲಭ, ಆದರೆ ಅದು ಕೆಲವು ಷರತ್ತುಗಳಿಗೆ ಒಳಪಟ್ಟದ್ದು: ಗುರುತು ಅಳಿಯಬಾರದು, ಬಿಟ್ಟವು ಉಳಿದವುಗಳೊಡನೆ ಚೆನ್ನಾಗಿ ಬೆರೆಯಬೇಕು, ನಡುವಿನ ಅವಧಿಯಲ್ಲಿ ಹುಟ್ಟು, ಸಾವು, ವಲಸೆ ನಗಣ್ಯವಾಗಿರಬೇಕು. ಚುಕ್ಕೆ ಎದ್ದು ಕಾಣುವಂತಿದ್ದರೆ ಹಕ್ಕಿಗಳು ಗುರುತಿರುವವನ್ನೇ ಹೆಚ್ಚಾಗಿ ಹೆಕ್ಕುತ್ತವೆ. ಆಗ ಎರಡನೆಯ ಸಲ ಅವು ಕಡಿಮೆ ಸಿಕ್ಕಿ, ಅಂದಾಜು ನಿಜ ಸಂಖ್ಯೆಗಿಂತ ಮೇಲೇರುತ್ತದೆ. ಗುರುತು ಮೇಲಿನಿಂದ ಕಾಣದ ಕಡೆ ಇರಲಿ.

ಎಣಿಕೆಯಿಂದ ತಿಳಿಯುವುದು ಏನಿದೆ ಎಂಬುದು ಮಾತ್ರ. ಏಕಿದೆ ಎಂದು ತಿಳಿಯಲು ಏನನ್ನಾದರೂ ಬದಲಿಸಿ ನೋಡಬೇಕಾಗುತ್ತದೆ. ಇಕಾಲಜಿ ತಜ್ಞ ರಾಬರ್ಟ್ ಪೇನ್ 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಒಂದು ಪಟ್ಟೆಯಷ್ಟು ಬಂಡೆಯಿಂದ ನಕ್ಷತ್ರಮೀನುಗಳನ್ನು ಕಿತ್ತು ದೂರ ಹಾಕತೊಡಗಿದರು. ಪಕ್ಕದ ಬಂಡೆಯನ್ನು ಮುಟ್ಟದೆ ಬಿಟ್ಟರು. ತಮ್ಮನ್ನು ತಿನ್ನುವ ನಕ್ಷತ್ರಮೀನಿನ ಹಿಡಿತ ತಪ್ಪಿದ ಮಸೆಲ್ ಚಿಪ್ಪುಜೀವಿಗಳು ಜಾಗವನ್ನು ಆಕ್ರಮಿಸುತ್ತ ಹೋಗಿ, ಮೊದಲು 15 ಪ್ರಭೇದಗಳಿದ್ದ ಬಂಡೆಯಲ್ಲಿ ಎಂಟು ಮಾತ್ರ ಉಳಿದವೆಂದು ಅವರು 1966ರಲ್ಲಿ ಪ್ರಕಟಿಸಿದರು. ಬೇಟೆಗಾರ ಪ್ರಾಣಿಯೊಂದು ತಾನು ತಿನ್ನುವುದರಿಂದಲೇ ಇತರ ಪ್ರಭೇದಗಳಿಗೆ ಜಾಗ ಉಳಿಸಿಕೊಡಬಲ್ಲದು ಎಂಬುದು ಇದರಿಂದ ಗೊತ್ತಾಯಿತು. ಇಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಮುಟ್ಟದೆ ಬಿಟ್ಟ ಆ ಪಕ್ಕದ ಬಂಡೆ. ಅದಿಲ್ಲದಿದ್ದರೆ ಬದಲಾವಣೆಗೆ ಆ ವರ್ಷಗಳ ಹವಾಮಾನವೇ ಕಾರಣವೆಂದು ಯಾರಾದರೂ ವಾದಿಸಬಹುದಿತ್ತು.

ಹುಲ್ಲುಗಾವಲಿನಲ್ಲಿ ಇದೇ ತತ್ತ್ವವನ್ನು ಅನುಸರಿಸಿ, ಮೇಯುವ ಪ್ರಾಣಿಗಳು ನುಗ್ಗದಂತೆ ಕೆಲವು ತುಂಡುಗಳಿಗೆ ಬೇಲಿ ಹಾಕಿ, ಅಷ್ಟೇ ಸಂಖ್ಯೆಯ ತುಂಡುಗಳನ್ನು ತೆರೆದಿಡಬಹುದು. ಒಂದೇ ಬೇಲಿಯೊಳಗೆ ಹತ್ತು ಚೌಕಟ್ಟುಗಳನ್ನಿಟ್ಟರೆ ಹತ್ತು ಪ್ರಯೋಗಗಳಾಗುವುದಿಲ್ಲ. ಬೇಲಿಗಳೇ ಹಲವು ಇರಬೇಕು, ಯಾವ ತುಂಡಿಗೆ ಬೇಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು.

ನಿಸರ್ಗ ಉತ್ತರಿಸುವುದು ನಿಧಾನವಾಗಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಹುಲ್ಲುಗಾವಲಿನ ಪ್ರಯೋಗ ಇಂದಿಗೂ ನಡೆಯುತ್ತಿದೆ. ಸಾರಜನಕ ಗೊಬ್ಬರ ಹೆಚ್ಚಿದಂತೆ ಪ್ರಭೇದಗಳು ಕಡಿಮೆಯಾಗುತ್ತವೆ ಎಂಬುದನ್ನು ಅದು ತೋರಿಸಿದೆ. ನಿಮ್ಮ ಅಧ್ಯಯನ ಎರಡು ಋತುಗಳಷ್ಟೇ ನಡೆದರೂ ದಿನಾಂಕ, ವೇಳೆ, ಹವೆ, ಚೌಕಟ್ಟಿನ ಅಳತೆ, ಎಣಿಸಿದವರ ಹೆಸರು ಟಿಪ್ಪಣಿಯಲ್ಲಿರಲಿ. ಮಗುಚಿ ನೋಡಿದ ಕಲ್ಲನ್ನು ಇದ್ದಂತೆಯೇ ಮರಳಿಸಿ; ಇಲ್ಲದಿದ್ದರೆ ಅದರಡಿಯ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಮುಂದಿನ ಋತುವಿನಲ್ಲಿ ಅದೇ ಜಾಗಕ್ಕೆ ಅದೇ ವಿಧಾನದೊಂದಿಗೆ ಹೋಗಿ. ನಡುವೆ ವಿಧಾನ ಬದಲಿಸಿದರೆ, ಕಂಡ ವ್ಯತ್ಯಾಸ ಹುಲ್ಲುಗಾವಲಿನದೋ ಎಣಿಕೆಯದೋ ಎಂದು ಹೇಳಲಾಗದು.